ರಸ್ತೆ ಗುಂಡಿಗೆ ದೂರು: ಆ್ಯಪ್, ಫೋನ್, ವಾಟ್ಸ್‌ಆ್ಯಪ್, ಅರ್ಜಿ – ಸೈಕಲ್ ತುಳಿಯುವವರಿಗೆ ಯಾವುದು ಒಳ್ಳೆಯದು?

ಶಿವಮೊಗ್ಗದಲ್ಲಿ ಮಳೆಗಾಲ ಹಿಡಿಯಿತು ಅಂದರೆ ಸೈಕಲ್ ತುಳಿಯುವವರ ಕಣ್ಣು ರಸ್ತೆಯ ಎಡ ಅಂಚಿನ ಮೇಲೇ ಇರಬೇಕು. ನೀರು ನಿಲ್ಲುವುದು ಅಲ್ಲೇ, ಡಾಂಬರು ಮೊದಲು ಒಡೆಯುವುದು ಅಲ್ಲೇ, ನಾವು ಹೋಗುವುದೂ ಅಲ್ಲೇ. ಕಾರು ದಡಕ್ಕನೆ ದಾಟಿ ಹೋಗುವ ಗುಂಡಿಗೆ ಸೈಕಲ್ಲಿನ ಮುಂದಿನ ಚಕ್ರ ಇಳಿದರೆ ಹ್ಯಾಂಡಲ್ ತಿರುಗಿ ಬೀಳುತ್ತೇವೆ. ತಪ್ಪಿಸಲು ಬಲಕ್ಕೆ ಹೊರಳಿದರೆ ಹಿಂದೆ ಟಿಪ್ಪರ್ ಇರಬಹುದು. ಹಾಗಾಗಿ ಅಪಾಯದ ಗುಂಡಿ ಕಂಡರೆ ನಾನು ಸುಮ್ನೆ ಮುಂದೆ ಹೋಗುವುದಿಲ್ಲ, ದೂರು ಕೊಡುತ್ತೇನೆ. ಇರುವ ದಾರಿಗಳನ್ನೆಲ್ಲ ಬಳಸಿ ನೋಡಿದ್ದೇನೆ. ನನ್ನ ಮತ ಕಾಗದದ ಅರ್ಜಿಗೆ. ಆದರೆ ಎಲ್ಲ ಗುಂಡಿಗೂ ಅಲ್ಲ.

ಮೊದಲು ರಸ್ತೆ ಯಾರದ್ದು ಅಂತ ತಿಳಿಯಬೇಕು. ಇದು ಗೊತ್ತಿಲ್ಲದಿದ್ದರೆ ಯಾವ ದಾರಿ ಹಿಡಿದರೂ ದೂರು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ವಿನೋಬನಗರ, ತಿಲಕ್ ನಗರದಂಥ ಬಡಾವಣೆಗಳ ಒಳರಸ್ತೆಗಳು ಮಹಾನಗರ ಪಾಲಿಕೆಯವು. ಊರು ದಾಟಿದ ಮೇಲೆ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಅಂದರೆ ಲೋಕೋಪಯೋಗಿ ಇಲಾಖೆ. ಕಿತ್ತಳೆ ಇದ್ದರೆ ಹಳ್ಳಿ ರಸ್ತೆ. ಭಾನುವಾರ ಬೆಳಿಗ್ಗೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಕಡೆ ಹೋಗುವವರು ತುಳಿಯುವುದು ರಾಷ್ಟ್ರೀಯ ಹೆದ್ದಾರಿ 169ರ ಮೇಲೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದು 169ಎ. ಅಲ್ಲಿನ ಗುಂಡಿಗೆ ಪಾಲಿಕೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಈಗ ಆ್ಯಪ್. ಬೆಂಗಳೂರಿನ ಹೊರಗಿನ ಪಾಲಿಕೆ, ಪುರಸಭೆಗಳಿಗೆಂದು ಪೌರಾಡಳಿತ ನಿರ್ದೇಶನಾಲಯದ ‘ಜನಹಿತ’ ಇದೆ. ರಾಷ್ಟ್ರೀಯ ಹೆದ್ದಾರಿಗೆ ‘ರಾಜಮಾರ್ಗಯಾತ್ರಾ’ ಇದೆ. ಆ್ಯಪ್‌ನ ದೊಡ್ಡ ಗುಣ ಅಂದರೆ ಫೋಟೋ ಮತ್ತು ಜಾಗ ಎರಡೂ ಒಟ್ಟಿಗೆ ಹೋಗುತ್ತವೆ, ದೂರಿಗೆ ಸಂಖ್ಯೆಯೂ ಸಿಗುತ್ತದೆ. ಸೈಕಲ್ ನಿಲ್ಲಿಸಿ ರಸ್ತೆ ಬದಿಯಲ್ಲೇ ಕೆಲಸ ಮುಗಿಸಬಹುದು. ತೊಂದರೆ ಬರುವುದು ಆಮೇಲೆ. ನಾನು ಆನ್‌ಲೈನ್‌ನಲ್ಲಿ ಕೊಟ್ಟಿದ್ದ ಒಂದು ದೂರು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಯಿತು. ಹೋಗಿ ನೋಡಿದರೆ ಗುಂಡಿ ಹಾಗೇ ಇತ್ತು. ಹೀಗಾದಾಗ ಅದೇ ಜಾಗದ ಹೊಸ ಫೋಟೋ ತೆಗೆದು, ಹಳೇ ಸಂಖ್ಯೆ ಬರೆದು, ಮತ್ತೆ ದೂರು ಹಾಕಬೇಕು. ಬೇಸರ ಮಾಡಿಕೊಂಡು ಬಿಟ್ಟರೆ ದಾಖಲೆಯಲ್ಲಿ ಆ ಗುಂಡಿ ಇಲ್ಲವೇ ಇಲ್ಲ.

ಫೋನ್ ಮಾಡುವುದಾದರೆ 1902. 2021ರಲ್ಲಿ ಶುರುವಾದ ಜನಸ್ಪಂದನ ಸಹಾಯವಾಣಿ ಇದು, ರಾಜ್ಯದ ಎಲ್ಲ ಇಲಾಖೆಗೂ ಒಂದೇ ಸಂಖ್ಯೆ. ರಸ್ತೆ ಯಾವ ಇಲಾಖೆಯದ್ದು ಅಂತ ಗೊಂದಲ ಇದ್ದಾಗ ಇದು ಒಳ್ಳೆಯದು. ಸ್ಮಾರ್ಟ್‌ಫೋನ್ ಇಲ್ಲದ, ಹಾಲು ಪೇಪರ್ ಹಾಕುವ ಸೈಕಲ್ಲಿನವರಿಗೂ ಆಗುತ್ತದೆ. ಆದರೆ ಫೋನಿನಲ್ಲಿ ಜಾಗ ಹೇಳುವುದು ಕಷ್ಟ. ‘ಸವಳಂಗ ರಸ್ತೆಯಲ್ಲಿ ಗುಂಡಿ’ ಅಂದರೆ ಯಾರಿಗೆ ಏನು ಅರ್ಥವಾಗಬೇಕು? ಯಾವ ಕಡೆಯಿಂದ ಯಾವ ಕಡೆಗೆ ಹೋಗುವಾಗ, ಎಡಕ್ಕೋ ಬಲಕ್ಕೋ, ಯಾವ ಅಂಗಡಿ ಎದುರು, ಹತ್ತಿರದ ವಿದ್ಯುತ್ ಕಂಬದ ಮೇಲೆ ಸಂಖ್ಯೆ ಇದ್ದರೆ ಅದು, ಇಷ್ಟನ್ನೂ ಬರೆದಿಟ್ಟುಕೊಂಡೇ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಗೆ 1033 ಇದೆ, ದಿನದ 24 ಗಂಟೆಯೂ. ಮಲೆನಾಡಿನ ಹೆದ್ದಾರಿಗಳಲ್ಲಿ ಹಲವನ್ನು ನೋಡಿಕೊಳ್ಳುವುದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ಅದಕ್ಕೇ ಅಲ್ಲಿಗೂ ಒಂದು ಅರ್ಜಿ ಕೊಡುವುದು ವಾಸಿ.

ಒಂದು ವಿಷಯದಲ್ಲಿ ಮಾತ್ರ ಫೋನ್ ಬಿಟ್ಟು ಬೇರೆ ಯೋಚನೆಯೇ ಬೇಡ. ಯುಜಿಡಿ, ಅಂದರೆ ಒಳಚರಂಡಿಯ ಮುಚ್ಚಳ ಕಿತ್ತುಹೋಗಿದೆ, ಅಥವಾ ಅಗೆದ ಹೊಂಡದಲ್ಲಿ ನೀರು ನಿಂತಿದೆ, ಕತ್ತಲಾಗುತ್ತಿದೆ. ಆಗ 112. ಪೊಲೀಸರು ರಸ್ತೆ ರಿಪೇರಿ ಮಾಡುವುದಿಲ್ಲ ನಿಜ, ಆದರೆ ಬ್ಯಾರಿಕೇಡ್ ಇಡಿಸಬಹುದು. ಆ ರಾತ್ರಿಗೆ ಬೇಕಾದದ್ದು ಅದೇ ಅಲ್ವಾ? ಬ್ಯಾರಿಕೇಡ್ ಬರುವವರೆಗೆ ಸಾಧ್ಯವಾದರೆ ಪಕ್ಕದ ಅಂಗಡಿಯವರಿಗೆ ಹೇಳಿ, ಎದ್ದು ಕಾಣುವಂತೆ ಒಂದು ಕೊಂಬೆ ನಿಲ್ಲಿಸಿ.

ವಾರ್ಡಿನ ಎಂಜಿನಿಯರ್‌ಗೆ ವಾಟ್ಸ್‌ಆ್ಯಪ್ ಮಾಡುವವರು ಜಾಸ್ತಿ. ಬೇಗ ಕೆಲಸ ಆಗುವುದೂ ಇದೆ. ಎಂಜಿನಿಯರ್ ಒಳ್ಳೆಯವರಾದರೆ ಸಂಜೆಯೊಳಗೆ ಉತ್ತರ ಬರುತ್ತದೆ. ಆದರೆ ಅವರಿಗೆ ವರ್ಗವಾದರೆ ನಿಮ್ಮ ದೂರು ಅವರ ಫೋನಿನ ಜೊತೆಗೇ ಹೋಗುತ್ತದೆ. ಕಚೇರಿಯಲ್ಲಿ ಅದರ ಗುರುತೂ ಉಳಿಯುವುದಿಲ್ಲ.

ಇದಕ್ಕೇ ನಾನು ಅರ್ಜಿಯನ್ನು ನೆಚ್ಚಿಕೊಂಡಿರುವುದು. ಪಾಲಿಕೆ ಆಯುಕ್ತರ ಹೆಸರಿಗೆ ಒಂದೇ ಪುಟ, ಎರಡು ಪ್ರತಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಆ ಸೀಲು ಬಿದ್ದ ಕ್ಷಣದಿಂದ ‘ನಮಗೆ ಗೊತ್ತಿರಲಿಲ್ಲ’ ಅನ್ನಲು ಯಾರಿಗೂ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಇಲ್ಲಿ ನೆನಪಿರಲಿ. ರಸ್ತೆಯ ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರು ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅರ್ಜಿಯಲ್ಲಿ ಇದನ್ನು ಒಂದು ಸಾಲಿನಲ್ಲಿ, ಮರ್ಯಾದೆಯಿಂದ ಬರೆದರೆ ಸಾಕು.

ಫೋಟೋ ಅಂಟಿಸುವಾಗ ಎರಡು ಇರಲಿ. ಒಂದು ದೂರದಿಂದ, ಸುತ್ತಲಿನ ಅಂಗಡಿ, ಕಂಬ ಕಾಣುವಂತೆ. ಇನ್ನೊಂದು ಹತ್ತಿರದಿಂದ, ಗುಂಡಿಯೊಳಗೆ ಗಾಳಿ ಹೊಡೆಯುವ ಪಂಪನ್ನು ನಿಲ್ಲಿಸಿ. ಆಳ ಎಷ್ಟು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ವಾಹನ ಕಡಿಮೆ ಇರುವ ಹೊತ್ತಿನಲ್ಲೇ ತೆಗೆಯಿರಿ. ಸೈಕಲ್ ಸವಾರರು ಯಾಕೆ ಬೀಳುತ್ತಾರೆ ಅನ್ನುವುದನ್ನೂ ಬರೆಯಿರಿ. ಅಂಚು ಚೂಪಾಗಿದೆ, ಇಳಿಜಾರಿನಲ್ಲಿದೆ, ತಿರುವಿನಲ್ಲಿದೆ, ಬೀದಿ ದೀಪ ಇಲ್ಲ, ಶಾಲೆ ಮಕ್ಕಳು ಇದೇ ದಾರಿಯಲ್ಲಿ ಬರುತ್ತಾರೆ. ಜೀಪಿನಲ್ಲಿ ಬಂದು ನೋಡುವವರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ಅರ್ಜಿಯ ಕೊರತೆ ಒಂದೇ, ಕೆಲಸದ ದಿನ ಅರ್ಧ ಹೊತ್ತು ಹಾಳಾಗುತ್ತದೆ. ಕೂಲಿ ಬಿಟ್ಟು ಬರಲಾಗದವರ ಪರವಾಗಿ ಬಿಡುವಿರುವ ನಾವು ಕೊಡಬೇಕು. ನಾಲ್ಕೈದು ಜನ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಅರ್ಜಿಗೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಗುಂಡಿ ಯಾಕೆ ಮುಚ್ಚಿಲ್ಲ ಅಂತ ಕೇಳಬೇಡಿ. ಈ ರಸ್ತೆಗೆ ಕೊನೆಯ ಬಾರಿ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರ ನಿರ್ವಹಣಾ ಅವಧಿ ಎಂದು ಮುಗಿಯುತ್ತದೆ ಅಂತ ಕೇಳಿ. ಅವಧಿ ಇನ್ನೂ ಇದ್ದರೆ ರಿಪೇರಿಯ ಖರ್ಚು ಗುತ್ತಿಗೆದಾರರದ್ದು. ಹಳ್ಳಿ ಕಡೆಯ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಈ ಅವಧಿ 5 ವರ್ಷ, ರಸ್ತೆ ಬದಿಯ ಬೋರ್ಡಿನಲ್ಲೇ ಬರೆದಿರುತ್ತದೆ. ಬೋರ್ಡಿನ ಫೋಟೋ ತೆಗೆದು ‘ಮೇರಿ ಸಡಕ್’ ಆ್ಯಪ್‌ಗೆ ಹಾಕಿದರೆ ಮಾಹಿತಿ ಹಕ್ಕಿನವರೆಗೆ ಹೋಗಬೇಕಾಗಿಯೇ ಇಲ್ಲ.

ಇನ್ನೊಂದು ಮಾತು. ಮಳೆ ಸುರಿಯುವಾಗ ಬಿಸಿ ಡಾಂಬರು ಹಿಡಿಯುವುದಿಲ್ಲ. ಅದಕ್ಕೇ ಜುಲೈನಲ್ಲಿ ಜಲ್ಲಿ, ಮಣ್ಣು ಸುರಿದು ಹೋಗುತ್ತಾರೆ. ಬಸ್ಸು ಓಡಾಡಿ ಆ ಜಲ್ಲಿ ರಸ್ತೆ ತುಂಬ ಚೆಲ್ಲುತ್ತದೆ, ಸೈಕಲ್ ಅದರ ಮೇಲೆ ಜಾರುತ್ತದೆ. ಗುಂಡಿಗಿಂತ ಇದೇ ನನಗೆ ಜಾಸ್ತಿ ಭಯ. ಮಳೆಗಾಲದ ಅರ್ಜಿಯಲ್ಲಿ ‘ಜಲ್ಲಿ ಹಾಕಿದರೆ ಒತ್ತಿ ಗಟ್ಟಿ ಮಾಡಿ’ ಎಂದು ಬರೆಯಿರಿ. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ, ಆ ಸೀಲಿನ ಪ್ರತಿ ಲಗತ್ತಿಸಿ ಶಾಶ್ವತ ಡಾಂಬರಿಗೆ ಇನ್ನೊಂದು ಅರ್ಜಿ ಕೊಡಿ.