ಗೂರ್ಖಾದ ಹೊಟ್ಟೆಯಲ್ಲಿ ಮಲಗೋದಾ, ವಿ-ಕ್ರಾಸ್‌ನ ಬೆನ್ನ ಮೇಲಾ?

ಓಡಾಡುವವರು ಇಬ್ಬರೇ. ಮಳೆಗಾಲದಲ್ಲಿ ಮಲೆನಾಡು, ವರ್ಷಕ್ಕೊಮ್ಮೆ ಹಿಮಾಲಯದ ಸ್ಪಿತಿಯೋ ಝಾನ್ಸ್ಕರೋ. ರಾತ್ರಿ ಗಾಡಿಯಲ್ಲೇ ಮಲಗಬೇಕು. ನಿಮ್ಮ ಲೆಕ್ಕವೂ ಹೀಗೇ ಇದ್ದರೆ ಐದು ಬಾಗಿಲಿನ ಫೋರ್ಸ್ ಗೂರ್ಖಾ ತಗೊಂಡು ಒಳಗೊಂದು ಹಲಗೆ ಹಾಕಿಸಿಕೊಳ್ಳಿ. ಬೆನ್ನಿನ ತೊಟ್ಟಿಗೆ ಕ್ಯಾನಪಿ ಅನ್ನುವ ಮುಚ್ಚುಗೂಡು ಕೂರಿಸಿದ ಇಸುಜು ವಿ-ಕ್ರಾಸ್ ಪಿಕಪ್ಪನ್ನೂ ಮಹೀಂದ್ರಾ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಎಂಜಿನ್ ಎಷ್ಟು ಸಿಸಿ, ಏರ್‌ಬ್ಯಾಗ್ ಎಷ್ಟು ಅನ್ನೋದೆಲ್ಲ ಶೋರೂಮಿನ ಬ್ರೋಶರಿನಲ್ಲಿದೆ, ಇಲ್ಲಿ ಬೇಡ.

ಮೊದಲು ಮಲಗುವ ವಿಷಯ. ವಿ-ಕ್ರಾಸ್ ಸುಮಾರು 5.3 ಮೀಟರ್ ಉದ್ದದ ಗಾಡಿ, ಗೂರ್ಖಾ 4.39 ಮೀಟರ್. ಉದ್ದದ ಗಾಡಿಯಲ್ಲಿ ಆರಾಮಾಗಿ ಕಾಲು ಚಾಚಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಡಬಲ್ ಕ್ಯಾಬ್ ಪಿಕಪ್‌ನ ಹಿಂದಿನ ತೊಟ್ಟಿ ಹೆಚ್ಚುಕಡಿಮೆ 5 ಅಡಿ ಅಷ್ಟೇ. ಐದೂವರೆ ಅಡಿ ಮೇಲಿನವರು ನೇರ ಮಲಗಬೇಕಾದರೆ ತೊಟ್ಟಿಯ ಹಿಂಬಾಗಿಲು, ಅಂದರೆ ಟೇಲ್‌ಗೇಟ್ ಇಳಿಸಲೇಬೇಕು. ಇಳಿಸಿದರೆ ಕಾಲ ಬಳಿ ಕ್ಯಾನಪಿಯ ಮುಚ್ಚಿಗೆ ಇರುವುದಿಲ್ಲ, ಅಲ್ಲಿಗೆ ಬೇರೆ ಟಾರ್ಪಾಲಿನ ಸೆರಗು ಹೊಲಿಸಬೇಕು. ಒಬ್ಬರಾದರೆ ಮೂಲೆಯಿಂದ ಮೂಲೆಗೆ ಅಡ್ಡ ಮಲಗಬಹುದು; ಅದಕ್ಕೂ ಚಕ್ರದ ಉಬ್ಬಿಗಿಂತ ಮೇಲೆ ಹಲಗೆ ಏರಿಸಬೇಕು. ಗೂರ್ಖಾದಲ್ಲಿ ಹಿಂದಿನ ಎರಡು ಬಿಡಿ ಸೀಟು ಬಿಚ್ಚಿ, ನಡುವಿನ ಸಾಲು ಮಡಚಿ, ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ 6 ಅಡಿಯ ಆಸುಪಾಸು ಸಿಗುತ್ತದೆ. ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಮಳೆ ಹೊಡೆಯುವಾಗ ಸ್ಟೇರಿಂಗ್‌ನಿಂದ ಹಾಸಿಗೆಗೆ ಇಳಿಯದೇ ದಾಟಬಹುದು. ಸಕಲೇಶಪುರದ ಕಡೆ ಜುಲೈನಲ್ಲಿ ರಾತ್ರಿ ಹೊತ್ತು ಗಾಡಿಯಿಂದ ಇಳಿದು, ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಕ್ಯಾನಪಿಗೆ ಹತ್ತಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಧೂಳು. ಪಿಕಪ್ ಬೇಡ ಅನ್ನೋದಕ್ಕೆ ನನ್ನ ದೊಡ್ಡ ಕಾರಣ ಇದು. ಹೀಗೆ ಧೂಳು ನುಗ್ಗುವುದು ಒಂದು ಕಂಪನಿಯ ತಪ್ಪೇನಲ್ಲ, ಪಿಕಪ್ ಅನ್ನುವ ಆಕಾರದ ಗುಣವೇ ಅದು. ಗಾಡಿ ಓಡುವಾಗ ಹಿಂಬದಿಯಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ, ಚಕ್ರ ಎಬ್ಬಿಸಿದ ಧೂಳು ಆ ಜಾಗದಲ್ಲೇ ಸುಳಿಯುತ್ತದೆ. ಟೇಲ್‌ಗೇಟ್ ಅನ್ನೋದು ಸಾಮಾನು ಬೀಳದಿರಲಿ ಅಂತ ಇಟ್ಟ ತಗಡು. ಅದರ ಕೀಲಿನ ಬಳಿ, ಎರಡೂ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಇದ್ದೇ ಇರುತ್ತದೆ. ತೆರೆದ ತೊಟ್ಟಿಗೆ ಅದರಿಂದ ತೊಂದರೆಯಿಲ್ಲ. ಮೇಲೆ ಕ್ಯಾನಪಿ ಮುಚ್ಚಿದ ಕೂಡಲೇ ತೊಟ್ಟಿ ಒಂದು ಕೋಣೆಯಾಗುತ್ತದೆ, ಆ ಸಂದುಗಳಿಂದ ಧೂಳು ಒಳಗೆ ಸೇರಿ ಅಲ್ಲೇ ಉಳಿಯುತ್ತದೆ. ಸ್ಪಿತಿಗೆ ಹೋಗುವ ಗ್ರಾಂಫು–ಬಾತಾಲ್ ಹಾದಿಯ ಹಿಟ್ಟಿನಂಥ ಧೂಳಿನಲ್ಲಿ ಒಂದು ಮಧ್ಯಾಹ್ನ ಓಡಿಸಿದರೆ ಸಾಕು, ಹಾಸಿಗೆ, ಅಕ್ಕಿ ಡಬ್ಬದ ಮುಚ್ಚಳ, ಫ್ರಿಜ್‌ನ ಕಂಡೆನ್ಸರ್ ಜಾಲರಿ ಎಲ್ಲವೂ ಒಂದೇ ಬಣ್ಣ. ಜಾಲರಿ ಕಟ್ಟಿಕೊಂಡರೆ ಫ್ರಿಜ್‌ನ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ.

ತಡೆಯಲು ದಾರಿ ಇದೆ, ಆದರೆ ಅದು ಒಂದು ದಿನ ಮಾಡಿ ಮುಗಿಸುವ ಕೆಲಸವಲ್ಲ. ಟೇಲ್‌ಗೇಟ್ ಅಂಚಿಗೆ ಬಿಸಿಲು-ಮಳೆ ತಾಳುವ ಇಪಿಡಿಎಂ ರಬ್ಬರಿನ ಟೊಳ್ಳು ಬೀಡಿಂಗ್ ಹಾಕಬೇಕು, ಅಗ್ಗದ ಸ್ಪಂಜಿನ ಪಟ್ಟಿ ಒಂದೇ ಮಳೆಗಾಲಕ್ಕೆ ಕಿತ್ತು ಬರುತ್ತದೆ. ಅಂಟಿಸುವ ಮುಂಚೆ ಪೇಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಗೇಟು ಮುಟ್ಟಬೇಡಿ. ಕೀಲಿನ ಕಡೆಯ ಸಂದಿಗೆ ಬೀಡಿಂಗ್ ಸಾಲದು. ಅಲ್ಲಿ 3 ಮಿಮೀ ದಪ್ಪದ ರಬ್ಬರ್ ಶೀಟನ್ನು ಅಂಗೈ ಅಗಲ ಕತ್ತರಿಸಿ, ತೊಟ್ಟಿಯ ನೆಲದಿಂದ ಗೇಟಿನ ಮೇಲೆ ಬೀಳುವ ಹಾಗೆ ಒಂದೇ ಬದಿಗೆ ರಿವೆಟ್ ಮಾಡಿ. ಎರಡೂ ಬದಿ ಬಿಗಿದರೆ ಗೇಟು ತೆರೆದಾಗ ಹರಿಯುತ್ತದೆ. ಕೆಳಗಿನ ಎರಡು ಮೂಲೆಗಳೇ ಎಲ್ಲರಿಗೂ ತಪ್ಪುವ ಜಾಗ: ಬೀಡಿಂಗ್ ಅಲ್ಲಿ ತಿರುಗುವಾಗ ಮಡಚಿಕೊಂಡು ಸಂದು ಬಿಡುತ್ತದೆ. ಸೀಲು ಕೂತಿದೆಯೋ ಇಲ್ಲವೋ ನೋಡಲು ಸ್ಲೇಟಿನ ಬಳಪ ಸಾಕು. ತೊಟ್ಟಿಯ ಅಂಚಿಗೆ ಬಳಪ ಉಜ್ಜಿ, ಗೇಟು ಹಾಕಿ ತೆಗೆಯಿರಿ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲೇ ಧೂಳಿನ ದಾರಿ.

ಇಷ್ಟಾದರೂ ಪೂರ್ತಿ ನಿಲ್ಲುವುದಿಲ್ಲ. ಕೊನೆಯ ಮದ್ದೆಂದರೆ ಕ್ಯಾನಪಿಯ ಛಾವಣಿಯಲ್ಲಿ ಮುಂದಕ್ಕೆ ಬಾಯಿ ಇರುವ ಗಾಳಿಗಿಂಡಿ. ಗಾಡಿ ಓಡುವಾಗ ಅದು ಗಾಳಿ ತುಂಬಿ ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಡುತ್ತದೆ, ಧೂಳು ಹೊರಗೇ ನಿಲ್ಲುತ್ತದೆ. ಕಿಂಡಿಗೆ ಫೋಮ್ ಫಿಲ್ಟರ್ ಹಾಕಿ, ದಿನಾ ಸಂಜೆ ಕೊಡವಿ. ಮುಂದೆ ಇನ್ನೊಂದು ಗಾಡಿ ಹೋಗುತ್ತಿದ್ದರೆ ಮಾತ್ರ ಅದರ ಧೂಳನ್ನೇ ನುಂಗುತ್ತದೆ. ಮಳೆ ಬಂದಾಗ ಕಿಂಡಿ ಮುಚ್ಚಬೇಕು, ಮುಚ್ಚಲು ಇಳಿಯಬೇಕು. ಕ್ಯಾನಪಿಯನ್ನು ಹಿಡಿದಿರುವ ಕ್ಲಾಂಪುಗಳೂ ಕಲ್ಲುದಾರಿಯಲ್ಲಿ ಸಡಿಲವಾಗುತ್ತವೆ. ಕ್ಯಾನಪಿ ಎರಡು ಮಿಮೀ ಜರುಗಿದರೂ ಅದರ ತಳದ ಪಟ್ಟಿ ಸವೆದು ನೀರು ಬರುತ್ತದೆ. ಗೂರ್ಖಾದ ಹಿಂಬಾಗಿಲಿಗೆ ಕಾರಿನ ಬಾಗಿಲಿಗೆ ಇರುವಂಥ ಸೀಲು ಕಾರ್ಖಾನೆಯಲ್ಲೇ ಬಂದಿರುತ್ತದೆ. ಫ್ಯಾನು ಹೊರಗಿನ ಗಾಳಿ ಎಳೆಯುವಂತೆ ಇಟ್ಟು ಕಿಟಕಿ ಏರಿಸಿದರೆ ಒಳಗಿನ ಒತ್ತಡ ತಾನಾಗಿ ಏರುತ್ತದೆ. ಬೇರೆ ಯಾವ ಸರ್ಕಸ್ಸೂ ಬೇಡ.

ಕೆಸರಿನ ಮಾತಿಗೆ ಬಂದರೂ ಗೂರ್ಖಾನೇ. ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು ಡಿಫರೆನ್ಷಿಯಲ್ ಲಾಕ್ (ಎಡ-ಬಲ ಚಕ್ರಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಬೀಗ), ಎರಡೂ ಲಿವರ್ ಎಳೆದು ಹಾಕುವಂಥವು. ಜಾರಲು ಶುರುವಾದ ಮೇಲೆ ಎಳೆಯಬೇಡಿ. ನಿಂತು, ಲೋ ರೇಂಜ್ (ನಿಧಾನದ, ಹೆಚ್ಚು ಬಲದ ಗೇರು) ಹಾಕಿ, ಮೊದಲು ಹಿಂದಿನದು, ಸಾಲದಿದ್ದರೆ ಮುಂದಿನದು. ಮುಂದಿನ ಲಾಕ್ ಹಾಕಿದಾಗ ಸ್ಟೇರಿಂಗ್ ಕಲ್ಲಾಗುತ್ತದೆ, ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದರೆ ಮುಂಚಕ್ರಕ್ಕೆ ಬಲ ಸಾಗಿಸುವ ಸಿವಿ ಜಾಯಿಂಟ್‌ಗೆ ಪೆಟ್ಟು. ಗಟ್ಟಿ ನೆಲ ಸಿಕ್ಕಿದ ಕೂಡಲೇ ಎರಡನ್ನೂ ಬಿಡಿಸಿ, ಲಿವರ್ ಬಿಗಿದು ಬರದಿದ್ದರೆ ಎರಡಡಿ ರಿವರ್ಸ್ ತಗೊಂಡರೆ ಸಡಿಲವಾಗುತ್ತದೆ. ವಿ-ಕ್ರಾಸ್‌ನಲ್ಲಿ ಹೀಗೆ ಎರಡೂ ಕಡೆ ಲಾಕ್ ಇಲ್ಲ. ಮೇಲಾಗಿ 3,095 ಮಿಮೀ ವೀಲ್‌ಬೇಸ್. ತೋಟದ ದಾರಿಯ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಉಜ್ಜುತ್ತದೆ. ಗೂರ್ಖಾದ್ದು 2,825.

ಹೈವೇ ಸುಖಕ್ಕೆ ವಿ-ಕ್ರಾಸ್. ಚರ್ಚೆಯೇ ಇಲ್ಲ.

ಕರೆಂಟಿನ ಲೆಕ್ಕ ಎರಡಕ್ಕೂ ಒಂದೇ. 40 ಲೀಟರಿನ ಕಂಪ್ರೆಸರ್ ಫ್ರಿಜ್ 45 ವ್ಯಾಟ್‌ನಂತೆ ದಿನದ ಶೇ. 40 ಹೊತ್ತು ಓಡಿದರೆ ಸುಮಾರು 430 ವ್ಯಾಟ್-ಅವರ್, ದೀಪ-ಫೋನು ಸೇರಿ 510. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 1,280 ಕೊಡುತ್ತದೆ, ಎರಡು ದಿನಕ್ಕೆ ಧಾರಾಳ. ಗಾಡಿ ಓಡುವಾಗ ಈ ಬ್ಯಾಟರಿ ತುಂಬುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಎರಡು ಗಂಟೆ ಓಡಿಸಿದಾಗ ಒಂದು ದಿನದ ಖರ್ಚು ವಾಪಸ್. ವೈರು 16 ಚದರ ಮಿಮೀ, ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ವ್ಯತ್ಯಾಸ ಬರುವುದು ಬ್ಯಾಟರಿ ಎಲ್ಲಿಡುತ್ತೀರಿ ಅನ್ನುವುದರಲ್ಲಿ. ಈ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲೋಹದ ಲಿಥಿಯಂ ಪದರ ಕಟ್ಟಿ ಸೆಲ್ ಹಾಳಾಗುತ್ತದೆ. ಸ್ಪಿತಿಯ ಕಾಜಾದಲ್ಲಿ ಅಕ್ಟೋಬರ್ ಬೆಳಗ್ಗೆ ಕ್ಯಾನಪಿಯೊಳಗೆ ಅದು ಶೂನ್ಯಕ್ಕಿಂತ ತಣ್ಣಗಾಗಿರುತ್ತದೆ, ಬ್ಯಾಟರಿ ಕಾಯುವ ಸರ್ಕ್ಯೂಟ್ (ಬಿಎಂಎಸ್) ಚಾರ್ಜ್ ತಗೊಳ್ಳುವುದೇ ಇಲ್ಲ. ಗೂರ್ಖಾದಲ್ಲಿ ಬ್ಯಾಟರಿ ಹಾಸಿಗೆ ಕೆಳಗೆ, ನಿಮ್ಮ ಜೊತೆಗೇ ಬೆಚ್ಚಗೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಮಾತ್ರ ಎಂಜಿನ್ ಬ್ಯಾಟರಿಗೇ ಕ್ಲಿಪ್ ಹಾಕಿ, ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹಾರುತ್ತದೆ.

ಗೂರ್ಖಾದ ಕಾಟ ಬೆವರು. ಇಬ್ಬರು ರಾತ್ರಿಯಿಡೀ ಉಸಿರಾಡಿದ ತೇವವೆಲ್ಲ ತಗಡಿನ ಛಾವಣಿಗೆ ಅಂಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹಿಂಬದಿಯ ಪಕ್ಕದ ಗಾಜು ತೆರೆಯುವುದಿಲ್ಲ. ನಡುಬಾಗಿಲಿನ ಎರಡೂ ಗಾಜು ಎರಡು ಬೆರಳು ಇಳಿಸಿ, ಹೊರಗೆ ಮಳೆ ವೈಸರ್, ಒಳಗೆ ಅಯಸ್ಕಾಂತದ ಸೊಳ್ಳೆಪರದೆ ಹಾಕಿ. ಛಾವಣಿಯ ಲೈನಿಂಗ್ ಹಿಂದೆ 10 ಮಿಮೀ ಕ್ರಾಸ್‌ಲಿಂಕ್ ಫೋಮ್ ಅಂಟಿಸಿ, ಗ್ಲಾಸ್ ವೂಲ್ ಖಂಡಿತ ಬೇಡ, ನೀರು ಕುಡಿದು ಅಲ್ಲೇ ಕೂರುತ್ತದೆ. ಹಾಸಿಗೆಯ ಹಲಗೆಗೆ ಗೇಣಿಗೊಂದರಂತೆ 20 ಮಿಮೀ ತೂತು ಕೊರೆಯಿರಿ, ಇಲ್ಲದಿದ್ದರೆ ಫೋಮಿನ ತಳ ಬೂಷ್ಟು ಹಿಡಿಯುತ್ತದೆ. ಒಳಗೆ ಸ್ಟವ್ ಹಚ್ಚಬೇಡಿ. ಪಕ್ಕಕ್ಕೆ ತೆರೆಯುವ ಹಿಂಬಾಗಿಲು ತೆಗೆದು, ಛಾವಣಿಯಿಂದ ಟಾರ್ಪಾಲು ಕಟ್ಟಿಕೊಂಡು ಹೊರಗೇ ಅಡುಗೆ ಮಾಡಿ, ಒಳಗೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ.

ಹಲಗೆಗೆ ನೀರು ತಾಳುವ ಐಎಸ್ 710 ದರ್ಜೆಯ 12 ಮಿಮೀ ಪ್ಲೈವುಡ್ ಸಾಕು. ಬಡಗಿ 18 ಮಿಮೀ ಹಾಕೋಣ ಅಂತ ಹಟ ಹಿಡಿಯುತ್ತಾನೆ. 8×4ರ ಒಂದು ಹಾಳೆಗೆ 12 ಕಿಲೋ ದಂಡ. ಕೆಳಗೆ 25 ಮಿಮೀ ಚೌಕದ ಅಲ್ಯುಮಿನಿಯಂ ಪೈಪು. ಎತ್ತರ 30 ಸೆಂಮೀ ದಾಟಿದರೆ ಎದ್ದು ಕೂತಾಗ ತಲೆ ತಾಗುತ್ತದೆ. ಚೌಕಟ್ಟನ್ನು ಬಿಚ್ಚಿದ ಸೀಟಿನ ಬೋಲ್ಟ್ ತೂತುಗಳಿಗೇ ಬಿಗಿಯಿರಿ. ನೆಲ ಕೊರೆಯುವುದು, ಬಾಡಿಗೆ ವೆಲ್ಡ್ ಮಾಡುವುದು, ಛಾವಣಿ ಕೊಯ್ದು ಎತ್ತರಿಸುವುದು ಬೇಡವೇ ಬೇಡ. ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾದ ಬದಲಾವಣೆ ನಡೆಯದು ಎಂದಿದೆ. ಆರ್‌ಸಿಯಲ್ಲಿ ಸೀಟು 7 ಎಂದೇ ಇರುತ್ತದೆ, ಆದ್ದರಿಂದ ಬಿಚ್ಚಿದ ಸೀಟು, ಬೆಲ್ಟು, ಬೋಲ್ಟು ಎಲ್ಲ ಮನೆಯಲ್ಲಿ ಜೋಪಾನವಾಗಿರಲಿ. ಪ್ರವಾಸ ಮುಗಿದ ಮೇಲೆ ಹಲಗೆ ತೆಗೆದು ಸೀಟು ಹಾಕಿಬಿಡಿ, ಅರ್ಧ ದಿನದ ಕೆಲಸ.

ಬೊಲೆರೊ ಕ್ಯಾಂಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ. ಕಾಫಿ ತೋಟದ ಕಡೆ ಯಾವ ಮೆಕ್ಯಾನಿಕ್ ಬೇಕಾದರೂ ಕಣ್ಣು ಮುಚ್ಚಿ ರಿಪೇರಿ ಮಾಡುತ್ತಾನೆ. ಭಾರ ಹೊರುವುದಕ್ಕೆಂದೇ ಇಟ್ಟ ಪ್ಲೇಟು ಸ್ಪ್ರಿಂಗು, ತೊಟ್ಟಿ ಖಾಲಿಯಿದ್ದರೆ ಬೆನ್ನು ಮುರಿಯುತ್ತದೆ. ತೊಟ್ಟಿಯ ಉದ್ದ, ಧೂಳು ಎರಡರದ್ದೂ ಇಲ್ಲಿ ಅದೇ ಕಥೆ. ಸರಕು ವಾಹನ ಅಂತ ನೋಂದಣಿಯಾಗುವುದರಿಂದ ಫಿಟ್‌ನೆಸ್ ಪರೀಕ್ಷೆ, ರಾಜ್ಯದ ಗಡಿಯಲ್ಲಿ ಪ್ರಶ್ನೆ, ಇವು ಬೇರೆ. ತೋಟ ಇದ್ದವರಿಗೆ ಸರಿ.

ದುಡ್ಡಿನ ಮಾತು: ಐದು ಬಾಗಿಲಿನ ಗೂರ್ಖಾ 2024ರಲ್ಲಿ ಬಂದಾಗ ಎಕ್ಸ್-ಶೋರೂಮ್ 18 ಲಕ್ಷ. ಹಲಗೆ, ಫೋಮು, ಪೈಪು ಎಲ್ಲ 30 ಸಾವಿರದೊಳಗೆ ಮುಗಿಸಬಹುದು. ಫೋರ್ ವೀಲ್ ಡ್ರೈವ್ ವಿ-ಕ್ರಾಸ್ ಅದಕ್ಕಿಂತ ಹಲವು ಲಕ್ಷ ಮೇಲೆ, ಅದರ ಮೇಲೆ ಒಳ್ಳೆಯ ಕ್ಯಾನಪಿಗೆ ಲಕ್ಷದ ಮಾತು. ಬೈಕು, ಕಯಾಕು, ಒದ್ದೆ ಸಾಮಾನು ಹೊರುವವರು, ಹೊರಗೆ ಡೇರೆಯಲ್ಲೇ ಮಲಗುವವರು, ತಿಂಗಳಿಗೆ ಎರಡು ಸಲ ಬೆಂಗಳೂರು–ಮಂಗಳೂರು ಓಡಿಸುವವರು ಅಷ್ಟು ಕೊಟ್ಟರೂ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಗೂರ್ಖಾ ನೋಡಲು ಹೋದರೆ ಟಾರಿನ ಮೇಲೆ ಓಡಿಸಿ ವಾಪಸ್ ಬರಬೇಡಿ. ಜಲ್ಲಿ ಅಥವಾ ಕೆಸರು ಇರುವ ಕಡೆ ನಿಲ್ಲಿಸಿ, ಎರಡೂ ಲಾಕ್ ಒಂದೊಂದಾಗಿ ಹಾಕಿ ತೆಗೆಯಿರಿ. ಬಳಸದೇ ಬಿಟ್ಟ ಗಾಡಿಗಳಲ್ಲಿ ಲಾಕಿನ ಜೋಡಣೆ ತುಕ್ಕು ಹಿಡಿದು ಲಿವರ್ ಅರ್ಧಕ್ಕೇ ನಿಲ್ಲುತ್ತದೆ. ಡಿಫರೆನ್ಷಿಯಲ್ ಆಯಿಲಿನ ಪ್ಲಗ್ ಬಿಚ್ಚಿಸಿ ನೋಡಿ. ಆಯಿಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಹೊಳೆ ನೀರು ಸೇರಿದೆ. ಬೇರಿಂಗ್ ಖರ್ಚು ಕಳೆದು ಬೆಲೆ ಮಾತಾಡಿ.