ಕಾರಿನ ಡಿಸ್ಕೌಂಟ್ ಕಾರ್ಡ್ ಅಂತ ಸ್ಟಾಫ್ ರೂಮಿಗೆ ಬರುವವರಿಗೆ ದುಡ್ಡು ಕೊಡಬೇಡಿ

ಕಲಬುರಗಿಯಲ್ಲಿ ಹೊಸ ಕಾರು ತಗೊಳ್ಳಬೇಕು ಅಂತಿರುವ ಸರ್ಕಾರಿ ನೌಕರರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಮಾಸ್ತರು, ಟೀಚರ್‌ಗಳು. "ಮೆಂಬರ್‌ಶಿಪ್ ಮಾಡಿಸಿ, ಕಾರಿನ ಮೇಲೆ ಅರವತ್ತು ಸಾವಿರ ಉಳಿಯುತ್ತೆ" ಅಂತ ಯಾರಾದರೂ ಕಾರ್ಡ್ ಹಿಡಿದುಕೊಂಡು ಬಂದರೆ ಬಾಗಿಲಿನಿಂದಲೇ ವಾಪಸ್ ಕಳಿಸಿ. ಒಂದು ರೂಪಾಯಿ ಕೊಡಬೇಡಿ. ನನ್ನಿಂದ 4,999 ತಗೊಂಡು ಹೋಗಿದ್ದಾರೆ. ಇನ್ನೂ ವಾಪಸ್ ಬಂದಿಲ್ಲ.

2025ರ ದಸರಾ ಮುಂಚೆ, ಊಟದ ಬಿಡುವಿನಲ್ಲಿ ಆ ಕಾರ್ಡ್ ಮಾರುವವನು ನಮ್ಮ ಶಾಲೆಗೆ ಬಂದ. ಟೈ ಕಟ್ಟಿದ್ದ, ಕೈಯಲ್ಲಿ ಟ್ಯಾಬ್. ಆಗ ಜಿಎಸ್‌ಟಿ ಇಳಿಯುವ ಸುದ್ದಿ ಎಲ್ಲ ಪೇಪರಿನಲ್ಲೂ ಬಂದಿತ್ತು. ಸಣ್ಣ ಕಾರಿನ ಮೇಲೆ 28 ಪರ್ಸೆಂಟ್, ಜೊತೆಗೆ ಸೆಸ್ ಇದ್ದದ್ದು ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯುವುದಿತ್ತು. ಅದಕ್ಕೇ ನಾನು ನೇರವಾಗಿ ಕೇಳಿದೆ, ನೀವು ಹೇಳುವ ಡಿಸ್ಕೌಂಟ್ ಈ ಜಿಎಸ್‌ಟಿಯದ್ದೇ ಅಲ್ವಾ ಅಂತ. "ಅಲ್ರಿ ಮೇಡಂ, ಜಿಎಸ್‌ಟಿ ಇಳಿಯೋದು ಎಲ್ಲಾರಿಗೂ. ನಮ್ದು ಅದರ ಮ್ಯಾಲ ಬ್ಯಾರೆ" ಅಂದ. ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡಿದ್ದಾರೆ. ಹೀಗೇ ಅಂದ.

ದುಡ್ಡು ಹಾಕಿದ ಮೇಲೆ ವಾಟ್ಸಾಪ್‌ಗೆ ಒಂದು ಲೆಟರ್ ಬಂತು. ಮೂಲ ಬೆಲೆ 7,30,000. ಸದಸ್ಯರ ಬೆಲೆ 6,68,000. ಉಳಿತಾಯ 62,000. ಹಸಿರು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ. ಇಂಥದ್ದೇ ಶೋರೂಂಗೆ ಹೋಗಬೇಕು, ಈ ಲೆಟರ್ ತೋರಿಸಬೇಕು, 11,000 ಕೊಟ್ಟು ಬುಕ್ ಮಾಡಬೇಕು. ಮಾಡಿದೆವು.

ಹಬ್ಬದ ಗದ್ದಲ. ಬಿಲ್ಲು ನೋಡೋಕೆ ಅಂತ ನಾನೂ ನಮ್ಮ ಮನೆಯವರೂ ಶೋರೂಂನಲ್ಲಿ ಕೂತಿದ್ದೆವು. ಪಕ್ಕದ ಕುರ್ಚಿಯಲ್ಲಿ ಜೇವರ್ಗಿ ಕಡೆಯ ಒಬ್ಬ ಕಾಕಾ, ಮಗನ ಜೊತೆ ಬಂದಿದ್ದರು. ಅದೇ ಗಾಡಿ, ಅದೇ ಮಾಡೆಲ್. ಅವರ ಕೊಟೇಶನ್ ಹಾಳೆ ಟೇಬಲ್ ಮೇಲಿತ್ತು. ಎಕ್ಸ್ ಶೋರೂಂ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸುವ ಮುಂಚಿನ ಬೆಲೆ, 6,68,000. ನಾನು ಮತ್ತೆ ಮತ್ತೆ ನೋಡಿದೆ. ಅದೇ ಅಂಕಿ. ಕಾರ್ಡ್ ಇಲ್ಲ, ಲೆಟರ್ ಇಲ್ಲ, ಮೆಂಬರ್‌ಶಿಪ್ ಇಲ್ಲ, ಅವರಿಗೂ ಅದೇ ಬೆಲೆ! ಕಾಕಾ ನನ್ನ ಕೈಯಲ್ಲಿದ್ದ ಕಾರ್ಡ್ ನೋಡಿ, "ಇದಕ್ಕ ಎಷ್ಟ್ ಕೊಟ್ಟೀರಿ ಯವ್ವಾ?" ಅಂದರು. ಪಾಪ, ಅವರು ಸುಮ್ನೆ ಕೇಳಿದ್ದು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ 7,30,000 ಅಂದರೆ ಆಗಸ್ಟ್ ತಿಂಗಳ ಹಳೆಯ ಬೆಲೆ. ಸರ್ಕಾರ ಇಳಿಸಿದ ತೆರಿಗೆಯನ್ನೇ ತಮ್ಮ ಡಿಸ್ಕೌಂಟ್ ಅಂತ ಬರೆದು ನನಗೇ ಮಾರಿದ್ದಾರೆ.

ಕಾರ್ಡ್ ಮಾರಿದವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು, "ಸಿಸ್ಟಮ್‌ನಾಗ ಹಂಗೇ ಬರ್ತದ್ರಿ ಮೇಡಂ." ಆಮೇಲೆ, "ಡೆಲಿವರಿ ತಗೋರಿ, ಕ್ಯಾಶ್‌ಬ್ಯಾಕ್ ಬರ್ತದ." ಎಷ್ಟು ಬರುತ್ತೆ, ಬರೆದು ಕೊಡಿ ಅಂದೆ. "ಟೆನ್ಶನ್ ತಗೋಬ್ಯಾಡ್ರಿ, ಮೆಂಬರ್‌ಶಿಪ್ ಬರೀ ಕಾರಿಗಲ್ರಿ, ಹೋಟೆಲ್‌ಗೂ ಅದ, ಲ್ಯಾಬ್ ಟೆಸ್ಟಿಗೂ ಅದ." ನಾನು ಕಾರು ಕೇಳಿದರೆ ಇವನು ರಕ್ತ ಪರೀಕ್ಷೆ ಹೇಳ್ತಾನೆ! ದುಡ್ಡು ವಾಪಸ್ ಕೇಳಿದ ಮೇಲೆ, "ಕಾರ್ಡ್ ಆಕ್ಟಿವೇಟ್ ಆಗ್ಯಾದ, ವಾಪಸ್ ಬರಂಗಿಲ್ಲ." ಅಲ್ಲಿಂದ ಮುಂದೆ ಫೋನ್ ಎತ್ತಿಲ್ಲ. ಮೆಸೇಜಿಗೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ.

ಇನ್ನೊಂದು ಕೇಳಿ. ಸರ್ಕಾರಿ ನೌಕರರಿಗೆ ಕಂಪನಿಯ ಕಾರ್ಪೊರೇಟ್ ಆಫರ್ ಅಂತ ಇರುತ್ತೆ, ಐಡಿ ಕಾರ್ಡ್ ತೋರಿಸಿದರೆ ಸಾಕು, ಪುಕ್ಕಟೆ. ಅದನ್ನಾದರೂ ಕೊಡಿ ಅಂದರೆ ಶೋರೂಂ ಮ್ಯಾನೇಜರ್, "ಕಾರ್ಡಿನ ಮ್ಯಾಲ ಬುಕ್ ಆದ ಗಾಡಿಗೆ ಅದು ಸೇರಂಗಿಲ್ರಿ" ಅಂದ. ಯಾಕೆ ಅಂತ ಪಟ್ಟು ಹಿಡಿದ ಮೇಲೆ ಬಾಯಿ ಬಿಟ್ಟ. "ಅವರು ಗಿರಾಕಿ ಕಳಸ್ತಾರ, ನಾವು ಅವರಿಗೆ ಕಮಿಷನ್ ಕೊಡ್ತೀವಿ." ಅಂದರೆ ನನಗೆ ಸಿಗಬೇಕಾದ ದುಡ್ಡು ಕಾರ್ಡ್ ಮಾರಿದವನ ಜೇಬಿಗೆ. ಅದರ ಮೇಲೆ ನಾನು ಕೊಟ್ಟ 4,999 ಕೂಡ ಅವನಿಗೇ.

ಬಿಲ್ಲಿನಲ್ಲಿ "ಸದಸ್ಯರ ಪ್ಯಾಕೇಜ್" ಅಂತ 18,000 ಬೇರೆ ಸೇರಿಸಿದ್ದರು. ಏನಿದೆ ಅದರಲ್ಲಿ ಅಂತ ತರಿಸಿ ನೋಡಿದೆ. ಕಾಲು ಒರೆಸುವ ಮ್ಯಾಟ್, ಮಡ್ ಫ್ಲ್ಯಾಪ್, ಸೀಟ್ ಕವರ್, ಒಂದು ಸೆಂಟಿನ ಬಾಟಲಿ. ಮುಚ್ಚಳ ಸಡಿಲಾಗಿ ಅರ್ಧ ಸೆಂಟು ಸೋರಿ ಡಬ್ಬಿಯೆಲ್ಲ ಅಂಟಂಟು. ಇನ್ಶೂರೆನ್ಸ್ 42,000. ಅದೇ ಕವರ್ ಹೊರಗೆ 29,000ಕ್ಕೆ ಸಿಕ್ಕಿತು. ಅದರಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಕಟ್ಟುವುದು) ಸರ್ಕಾರವೇ ಗೊತ್ತು ಮಾಡಿದ್ದು, ಎಲ್ಲಿ ಮಾಡಿಸಿದರೂ ಅಷ್ಟೇ. ಹಾಗಾದರೆ ಮಿಕ್ಕ ಹದಿಮೂರು ಸಾವಿರ ಯಾತಕ್ಕೆ? "ಮೆಂಬರ್ಸ್‌ಗೆ ಇನ್‌ಹೌಸ್ ಇನ್ಶೂರೆನ್ಸ್ ಕಂಪಲ್ಸರಿ ರೀ" ಅಂತೆ. ಕಂಪಲ್ಸರಿ ಅಂತ ಯಾವ ಕಾನೂನೂ ಇಲ್ಲ. ಬೇಕಾದ ಕಡೆ ಮಾಡಿಸುವ ಹಕ್ಕು ನಮ್ಮದು.

ಬುಕಿಂಗ್ ಕ್ಯಾನ್ಸಲ್ ಮಾಡಿದೆವು. 11,000ದಲ್ಲಿ "ಫೈಲ್ ಚಾರ್ಜ್" ಅಂತ ಸಾವಿರ ಹಿಡಿದುಕೊಂಡು ಕೊಟ್ಟರು. ಯಾವ ಫೈಲೋ. ಊರಲ್ಲೇ ಇನ್ನೊಂದು ಶೋರೂಂನಲ್ಲಿ ಐಡಿ ಕಾರ್ಡ್ ತೋರಿಸಿ, ಇನ್ಶೂರೆನ್ಸ್ ಹೊರಗೆ ಮಾಡಿಸಿ ಗಾಡಿ ತಂದಿದ್ದೇವೆ.

ನೀವು ಹೋದಾಗ ಆ ದಿನದ ಎಕ್ಸ್ ಶೋರೂಂ ಬೆಲೆ ಮೊದಲು ಕೇಳಿ. ಲೆಟರಿನ "ಮೂಲ ಬೆಲೆ" ನಂಬಬೇಡಿ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಗಾಡಿಗೆ ರೋಡ್ ಟ್ಯಾಕ್ಸೇ 14 ಪರ್ಸೆಂಟ್, ಮೇಲೆ ಸೆಸ್. ಯಾವ ಕಾರ್ಡೂ ಅದನ್ನು ಇಳಿಸಲ್ಲ. "ಆನ್ ರೋಡ್‌ನಲ್ಲೂ ಡಿಸ್ಕೌಂಟ್" ಅಂದರೆ ಎದ್ದು ಬನ್ನಿ. ಗಾಡಿ ಯಾವ ತಿಂಗಳು ತಯಾರಾಗಿದ್ದು ಅನ್ನೋದು ಶೋರೂಂನವರು ಕೊಡುವ ಮಾರಾಟದ ಸರ್ಟಿಫಿಕೇಟ್, ಅಂದರೆ ಫಾರ್ಮ್ 21ರಲ್ಲಿ ಇರುತ್ತೆ, ಅದನ್ನೂ ನೋಡಿ. ಹಳೆಯ ಸ್ಟಾಕ್ ದಾಟಿಸುವುದಕ್ಕೂ ಇಂಥವರು ಹೇಸುವುದಿಲ್ಲ ಅಂತ ನನಗೆ ಈಗ ಅನ್ನಿಸುತ್ತಿದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ. ಕಲಬುರಗಿ, ಸೇಡಂ, ಆಳಂದ ಕಡೆ ಇದೇ ಥರ ಕಾರ್ಡಿಗೆ ದುಡ್ಡು ಕೊಟ್ಟವರಿದ್ದರೆ ರಸೀದಿ, ಲೆಟರ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ನೀವೂ ದೂರು ಕೊಡಿ.