ವಿಂಡೋಸ್ ಡಿಫೆಂಡರ್: ಜೊತೆಗೇ ಬಂದ ಆಂಟಿವೈರಸ್ ಎಷ್ಟರ ಮಟ್ಟಿಗೆ ಸಾಕು?

ವಿಂಡೋಸ್ 10 ಅಥವಾ 11 ಇರುವ ಮನೆಯ ಕಂಪ್ಯೂಟರಿಗೆ ಹಣ ಕೊಟ್ಟು ಬೇರೆ ಆಂಟಿವೈರಸ್ ಕೊಳ್ಳುವ ಅಗತ್ಯ ಬಹುಪಾಲು ಜನರಿಗಿಲ್ಲ ಎಂಬುದು ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ಸಾದ ವಿಂಡೋಸ್ ಡಿಫೆಂಡರನ್ನು (ಈಗಿನ ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್) ಬಹುಕಾಲ ಬಳಸಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯ. ಆದರೆ ಅದು ಸಿಕ್ಕ ಸ್ಥಿತಿಯಲ್ಲೇ ಪರಿಪೂರ್ಣವೆಂದು ನಾನು ಹೇಳಲಾರೆ. ಅದರಲ್ಲಿರುವ ಬಹು ಉಪಯುಕ್ತ ಸೌಲಭ್ಯವೊಂದು ಚಾಲೂ ಆಗಿರದೆಯೇ ಬರುತ್ತದೆ, ಅದನ್ನು ಬಳಕೆದಾರರೇ ಹುಡುಕಿ ಆನ್ ಮಾಡಿಕೊಳ್ಳಬೇಕು.

ಡಿಫೆಂಡರ್ ಎಂದರೆ ಇಂದಿಗೂ ಹಲವರು ಮೂಗು ಮುರಿಯುವುದಕ್ಕೆ ಅದರ ಹಳೆಯ ಚರಿತ್ರೆಯೇ ಕಾರಣ. 2006ರಲ್ಲಿ ಈ ಹೆಸರಿನಿಂದ ಬಿಡುಗಡೆಯಾದ ತಂತ್ರಾಂಶವು ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರನ್ನಷ್ಟೇ ಹಿಡಿಯುತ್ತಿತ್ತು. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7 ಬಳಸುತ್ತಿದ್ದವರು ವೈರಸ್ಸಿಗೆ ಬೇರೆಯೇ ಏರ್ಪಾಡು ಮಾಡಿಕೊಳ್ಳಬೇಕಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆಂಟಿವೈರಸ್ ಬಂದಿತು. 2012ರ ವಿಂಡೋಸ್ 8ರಲ್ಲಿ ಡಿಫೆಂಡರೇ ಪೂರ್ಣ ಪ್ರಮಾಣದ ಆಂಟಿವೈರಸ್ ಆಯಿತು. ಆ ಹಳೆಯ ಡಿಫೆಂಡರನ್ನು ನೆನಪಿಟ್ಟುಕೊಂಡು ಇಂದಿನದನ್ನು ತೂಗುವುದು ನ್ಯಾಯವಲ್ಲ.

ವೇಗದ ವಿಚಾರಕ್ಕೆ ಬಂದರೆ, ಡಿಫೆಂಡರಿನಿಂದ ಕಂಪ್ಯೂಟರ್ ನಿಧಾನವಾಗುತ್ತದೆ ಎಂಬ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ತೆರೆಯುವ ಪ್ರತಿಯೊಂದು ಕಡತವನ್ನೂ ಅದು ಅಲ್ಲಲ್ಲೇ ಪರೀಕ್ಷಿಸುವುದರಿಂದ, ಸಾವಿರಾರು ಸಣ್ಣ ಕಡತಗಳನ್ನು ಒಮ್ಮೆಗೇ ನಕಲು ಮಾಡುವಾಗ ಅಥವಾ ದೊಡ್ಡ ತಂತ್ರಾಂಶವೊಂದನ್ನು ಇನ್‌ಸ್ಟಾಲ್ ಮಾಡುವಾಗ ವಿಳಂಬ ಕಣ್ಣಿಗೆ ಕಾಣುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಂತೂ ಇದು ಎದ್ದು ಕಾಣುತ್ತದೆ, ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಇರುವಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಚಾಲನೆಯಲ್ಲಿರುವ ಪ್ರೋಗ್ರಾಮುಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂಬ ಹೆಸರು ಪಟ್ಟಿಯ ಮೇಲ್ತುದಿಗೆ ಏರಿದ್ದನ್ನು ಕಂಡು ಗಾಬರಿಯಾಗುವವರಿದ್ದಾರೆ, ಆದರೆ ಅದು ಡಿಫೆಂಡರಿನದೇ ಕೆಲಸ. ನಿಗದಿತ ಸ್ಕ್ಯಾನ್ ನಡೆಯುವಾಗ ಪ್ರೊಸೆಸರಿನ ಸರಾಸರಿ ಬಳಕೆಯನ್ನು ಶೇ. 50ರ ಆಸುಪಾಸಿನಲ್ಲಿ ತಡೆದಿಡುವುದು ಅದರ ಮೂಲ ಏರ್ಪಾಡು, ಮತ್ತು ಸಾಮಾನ್ಯವಾಗಿ ನಾವು ಕೆಲಸ ಮಾಡದಿರುವ ಹೊತ್ತನ್ನೇ ಅದು ಇದಕ್ಕೆ ಆರಿಸಿಕೊಳ್ಳುತ್ತದೆ.

ನಿಜ ಹೇಳಬೇಕೆಂದರೆ, ನಿಧಾನವಾದ ಮನೆಯ ಕಂಪ್ಯೂಟರುಗಳಲ್ಲಿ ವೈರಸ್ಸಿಗಿಂತಲೂ ಆಂಟಿವೈರಸ್ಸಿಗಿಂತಲೂ ಹೆಚ್ಚಾಗಿ ತಪ್ಪಿತಸ್ಥರಾಗಿರುವುದು ಯಂತ್ರ ಶುರುವಾದೊಡನೆ ತಾವಾಗಿಯೇ ಎದ್ದು ಕೂರುವ ಹತ್ತಾರು ಪ್ರೋಗ್ರಾಮುಗಳು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ವಿಭಾಗವನ್ನು ತೆರೆದರೆ ಯಾವುದರಿಂದ ಎಷ್ಟು ಹೊರೆ ಎಂಬುದನ್ನು ವಿಂಡೋಸ್ ತಾನೇ ತೋರಿಸುತ್ತದೆ, ಬೇಡದ್ದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸಬಹುದು. ತಯಾರಕರು ಮೊದಲೇ ತುಂಬಿ ಕಳುಹಿಸಿದ ಪ್ರಾಯೋಗಿಕ ಅವಧಿಯ ಆಂಟಿವೈರಸ್ ಕೂಡ ಅನೇಕ ವೇಳೆ ಈ ಪಟ್ಟಿಯಲ್ಲಿರುತ್ತದೆ. ಅದು ಇರುವವರೆಗೆ ಡಿಫೆಂಡರ್ ಬದಿಗೆ ಸರಿದಿರುತ್ತದೆ, ಅದನ್ನು ತೆಗೆದುಹಾಕಿದರೆ ಮತ್ತೆ ತಾನಾಗಿ ಕೆಲಸಕ್ಕೆ ಇಳಿಯುತ್ತದೆ.

ಇನ್ನು, ಆರಂಭದಲ್ಲಿ ಹೇಳಿದ ಆ ಸೌಲಭ್ಯ. ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ವೈರಸ್ ರಕ್ಷಣೆಯ ಪುಟದ ಕೆಳತುದಿಯಲ್ಲಿರುವ ರಾನ್ಸಮ್‌ವೇರ್ ವಿಭಾಗಕ್ಕೆ ಹೋದರೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಗುಂಡಿ ಸಿಗುತ್ತದೆ. 2017ರ ಅಕ್ಟೋಬರಿನಿಂದ ವಿಂಡೋಸ್ 10ರಲ್ಲಿ ಇದು ಇದ್ದರೂ ಬಹಳ ಜನ ಇದನ್ನು ನೋಡಿಯೇ ಇಲ್ಲ. ಇದನ್ನು ಆನ್ ಮಾಡಿದರೆ, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿರುವ ಕಡತಗಳನ್ನು ನಂಬಿಕೆಗೆ ಪಾತ್ರವಾದ ಪ್ರೋಗ್ರಾಮುಗಳು ಮಾತ್ರ ಬದಲಾಯಿಸಬಲ್ಲವು. ಹೀಗಾಗಿ ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್, ಡಿಫೆಂಡರಿನ ಗುರುತಿಗೆ ಸಿಗದೆ ನುಸುಳಿದರೂ, ಮನೆಯವರ ಫೋಟೋಗಳ ತನಕ ಹೋಗುವುದು ಕಷ್ಟವಾಗುತ್ತದೆ. ಕಿರಿಕಿರಿಯೂ ಇಲ್ಲದಿಲ್ಲ. ಅಷ್ಟಾಗಿ ಪ್ರಚಾರದಲ್ಲಿಲ್ಲದ ಪ್ರೋಗ್ರಾಮುಗಳು ಕಡತ ಉಳಿಸಲಾಗದೆ ಒದ್ದಾಡುತ್ತವೆ, ಆಗ ಅವುಗಳಿಗೆ ಒಂದೊಂದಾಗಿ ಅನುಮತಿ ನೀಡಬೇಕಾಗುತ್ತದೆ. ಮೊದಲ ಕೆಲವು ದಿನಗಳ ಈ ತೊಂದರೆಯನ್ನು ಸಹಿಸಿಕೊಳ್ಳಬಹುದು ಎಂಬುದು ನನ್ನ ಮತ. ಆದರೂ ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ಇಟ್ಟುಕೊಂಡು, ಕೆಲಸ ಮುಗಿದ ಕೂಡಲೇ ಅದರ ಕೇಬಲ್ ಕಳಚಿಡುವುದಕ್ಕೆ ಇದು ಬದಲಿಯಲ್ಲ, ಏಕೆಂದರೆ ಜೋಡಿಸಿಯೇ ಇಟ್ಟ ಡಿಸ್ಕಿಗೂ ರಾನ್ಸಮ್‌ವೇರ್ ಬೀಗ ಹಾಕಬಲ್ಲದು.

ಕೊರತೆಗಳನ್ನೂ ಹೇಳಬೇಕು. ಡಿಫೆಂಡರಿನ ಸಾಮರ್ಥ್ಯದ ಬಹುಭಾಗ ಮೈಕ್ರೋಸಾಫ್ಟಿನ ಸರ್ವರುಗಳನ್ನು ಅವಲಂಬಿಸಿರುವುದರಿಂದ, ಅಂತರ್ಜಾಲ ಸಂಪರ್ಕವಿಲ್ಲದ ವೇಳೆಯಲ್ಲಿ ಯುಎಸ್‌ಬಿ ಡ್ರೈವಿನಿಂದ ಬರುವ ಕುತಂತ್ರಾಂಶವನ್ನು ಹಿಡಿಯುವಲ್ಲಿ ಅದು ಕೆಲವು ಪ್ರತಿಸ್ಪರ್ಧಿಗಳಿಗಿಂತ ಹಿಂದೆ ಬೀಳುತ್ತದೆ. ಅಪಾಯಕಾರಿ ತಾಣಗಳನ್ನು ತಡೆಯುವ ಸ್ಮಾರ್ಟ್‌ಸ್ಕ್ರೀನ್ ಎಡ್ಜ್ ಬ್ರೌಸರಿನಲ್ಲಿ ತಾನಾಗಿ ಕೆಲಸ ಮಾಡುತ್ತದೆ, ಕ್ರೋಮ್ ಬಳಸುವವರು ಗೂಗಲ್ಲಿನ ರಕ್ಷಣೆಯನ್ನೇ ನೆಚ್ಚಿಕೊಳ್ಳಬೇಕು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂದು ತೆರೆಯ ಮೂಲೆಯಲ್ಲಿ ಪದೇ ಪದೇ ಕಿರುಚುವ ಸಂದೇಶಗಳು ಅನೇಕ ವೇಳೆ ಯಾವುದೋ ತಾಣಕ್ಕೆ ನಾವೇ ನೀಡಿದ ನೋಟಿಫಿಕೇಶನ್ ಅನುಮತಿಯ ಫಲವಾದ್ದರಿಂದ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಹೋಗುವುದಿಲ್ಲ, ಬ್ರೌಸರಿನ ಸೆಟ್ಟಿಂಗಿನಲ್ಲಿ ಆ ಅನುಮತಿಯನ್ನು ರದ್ದುಗೊಳಿಸಬೇಕು. ಕಳ್ಳಪ್ರತಿಯ ತಂತ್ರಾಂಶ ಬಳಸುವವರಿಗಂತೂ ಯಾವ ಆಂಟಿವೈರಸ್ಸೂ ನೆರವಾಗದು. ‘ಮೊದಲು ಡಿಫೆಂಡರನ್ನು ಆಫ್ ಮಾಡಿ’ ಎಂಬ ಸೂಚನೆಯೊಂದಿಗೆ ಬರುವ ಕಡತ ಏನನ್ನು ಹೊತ್ತು ತಂದಿರಬಹುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವೇಗ ಹೆಚ್ಚಿಸುವುದಾಗಿ ಆಶ್ವಾಸನೆ ನೀಡುವ ಕ್ಲೀನರುಗಳನ್ನು ಡಿಫೆಂಡರಿನ ಪಕ್ಕದಲ್ಲಿ ಕೂರಿಸಿಕೊಳ್ಳುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ವಿಂಡೋಸಿನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯನ್ನು ‘ಸ್ವಚ್ಛಗೊಳಿಸಿದ್ದರಿಂದ’ ಅಳೆದು ತೋರಿಸಬಲ್ಲ ವೇಗ ಬರುವುದು ಅಪರೂಪ, ಕೆಡುವ ಸಂಭವ ಮಾತ್ರ ಇದ್ದೇ ಇದೆ. 2017ರಲ್ಲಿ ಸಿಸಿಕ್ಲೀನರ್ ಎಂಬ ಹೆಸರಾಂತ ತಂತ್ರಾಂಶದ 5.33ನೇ ಆವೃತ್ತಿಯೊಳಗೆ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದರಿಂದ, ತಯಾರಕರ ಅಧಿಕೃತ ತಾಣದಿಂದಲೇ ಅದನ್ನು ಇಳಿಸಿಕೊಂಡ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಲುಪಿತ್ತು. ಬೇಡದ ತಾತ್ಕಾಲಿಕ ಕಡತಗಳನ್ನು ಅಳಿಸಲು ವಿಂಡೋಸಿನೊಳಗಿರುವ ಸ್ಟೋರೇಜ್ ಸೆನ್ಸ್ ಸಾಕು.

ಆಂಟಿವೈರಸ್ಸಿನ ಬಳಿಯಿರುವ ವೈರಸ್ಸುಗಳ ಪಟ್ಟಿ ಎಷ್ಟೇ ಹೊಸದಾಗಿದ್ದರೂ ಆಪರೇಟಿಂಗ್ ಸಿಸ್ಟಮ್ಮಿನ ಬಿರುಕುಗಳನ್ನು ಮುಚ್ಚುವುದು ಅಪ್‌ಡೇಟುಗಳೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಲು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಪರಿಹಾರ ನೀಡಿತ್ತು, ಅದನ್ನು ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು. ವಿಂಡೋಸ್ 10 ಬಳಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ಬೇಕಾದ ವೈರಸ್ ಮಾಹಿತಿಯನ್ನು 2028ರ ಅಕ್ಟೋಬರ್‌ವರೆಗೆ ಒದಗಿಸುವುದಾಗಿ ಮೈಕ್ರೋಸಾಫ್ಟ್ ಹೇಳಿರುವುದರಿಂದ ಪರದೆಯ ಮೇಲೆ ಹಸಿರು ಗುರುತು ಕಾಣುತ್ತಲೇ ಇರಬಹುದು, ಆದರೆ ವಿಸ್ತೃತ ಭದ್ರತಾ ಅಪ್‌ಡೇಟಿನ ಯೋಜನೆಗೆ ನೋಂದಾಯಿಸದ ಯಂತ್ರದಲ್ಲಿ ಹೊಸದಾಗಿ ಪತ್ತೆಯಾಗುವ ದೋಷಗಳು ಹಾಗೆಯೇ ಉಳಿಯುತ್ತವೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸದಿರುವುದು ಒಳಿತು.